ಟ್ರಯಲ್ ಮಾಸ್ತರರು ಉಯಿಲಿಗೂ ಟ್ರಯಲ್ ನೋಡಿದ್ದು

ಟ್ರಯಲ್ ಮಾಸ್ತರರ ಹತ್ತಿರ ಬಟ್ಟೆ ಹೊಲಿಸಿಕೊಳ್ಳುವುದು ಹುಡುಗಾಟದ ಮಾತಲ್ಲ. ಬಟ್ಟೆ ಕೊಟ್ಟು, ಅಳತೆ ಕೊಟ್ಟು, "ಶುಕ್ರವಾರ ಬಂದು ತಗೊಂಡು ಹೋಗ್ಲಾ?" ಎಂದು ಕೇಳಿದಿರೋ, ಅವರು ಕನ್ನಡಕದ ಮೇಲಿಂದ ನಿಮ್ಮನ್ನು ಒಂದು ಸಲ ನೋಡಿ, "ತಗೊಂಡು ಹೋಗೋದು ಆಮೇಲೆ. ಮೊದಲು ಟ್ರಯಲ್‌ಗೆ ಬನ್ನಿ" ಎನ್ನುವರು. ಟ್ರಯಲ್ ಅಂದರೆ ಒಂದೇ ಎಂದುಕೊಳ್ಳಬೇಡಿ. ಕಚ್ಚಾ ಹೊಲಿಗೆ ಹಾಕಿ ಒಂದು, ತೋಳು ಕೂರಿಸಿ ಒಂದು, ಗುಂಡಿ ಹಚ್ಚುವ ಮುಂಚೆ ಇನ್ನೊಂದು. ಒಬ್ಬ ಮದುಮಗನಂತೂ ಅಲೆದಲೆದು ಎಷ್ಟು ಸೊರಗಿದನೆಂದರೆ, ನಾಲ್ಕನೆಯ ಟ್ರಯಲ್ ಹೊತ್ತಿಗೆ ಸೂಟಿನ ಸೊಂಟವನ್ನೇ ಎರಡು ಇಂಚು ಹಿಡಿಯಬೇಕಾಯಿತು. ಪ್ಯಾಂಟು ಹೊಲಿಸಿದವರು ಕನ್ನಡಿ ಮುಂದೆ ನಿಂತರೆ ಸಾಲದು, ಕೂರಬೇಕು, ಬಗ್ಗಬೇಕು, ಬಸ್ಸು ಹತ್ತುವವರ ಹಾಗೆ ಸ್ಟೂಲಿನ ಮೇಲೆ ಕಾಲಿಡಬೇಕು. "ನಿಂತಾಗ ಎಲ್ಲಾ ಪ್ಯಾಂಟೂ ಚೆನ್ನಾಗೇ ಇರುತ್ತೆ ಸ್ವಾಮಿ. ಕೂತಾಗ ಅದರ ಬಂಡವಾಳ ಬಯಲಾಗೋದು" ಎಂಬುದು ಅವರ ಸಿದ್ಧಾಂತ. ಜನ ಬೈದುಕೊಂಡೇ ಬರುತ್ತಿದ್ದರು. ಆದರೆ ಬರುತ್ತಿದ್ದರು, ಯಾಕೆಂದರೆ ಅವರು ಹೊಲಿದ ಪ್ಯಾಂಟು ಕೂತಾಗ ಯಾವತ್ತೂ ಮಾನ ಕಳೆದದ್ದಿಲ್ಲ.

ಕೆಳಗೆ ಅಂಗಡಿ, ಮೇಲೆ ಮನೆ, ಅಂಗಡಿಯ ಹಿಂದೆ ಒಂದು ಕೋಣೆ. ಆ ಕೋಣೆಯಲ್ಲಿ ಮಾಸ್ತರರ ತಮ್ಮ. ಅಂಗಿಯಲ್ಲಿ ಗುಂಡಿ ತೂರಿಸುವ ಸಣ್ಣ ಕಂಡಿ ಇದೆಯಲ್ಲ, ಕಾಜಾ, ಅದನ್ನು ಕೈಯಲ್ಲೇ ಹೊಲಿಯುವುದು ಅವನ ಕೆಲಸ. ನಲವತ್ತು ವರ್ಷದಿಂದ ಅದೊಂದೇ ಕೆಲಸ. ಹಾಗಾಗಿ ಅವನ ಹೆಸರೇ ಕಾಜಾ ಎಂದಾಗಿಹೋಗಿತ್ತು. ಮಾಸ್ತರರ ಮಗನಿಗೂ ಮಗಳಿಗೂ ಅವನು ಕಾಜಾ ಚಿಕ್ಕಪ್ಪ. ಮದುವೆ ಆಗಲಿಲ್ಲ. ಐವತ್ತೊಂಬತ್ತು ತುಂಬಿದರೂ ಮುಖದಲ್ಲಿ ಮೀಸೆ ಬಿಟ್ಟರೆ ದೊಡ್ಡವರದ್ದೇನೂ ಇರಲಿಲ್ಲ.

ಬುದ್ಧಿ ಕಮ್ಮಿ ಎಂದು ಯಾರಾದರೂ ಅಂದರೆ ಮಾಸ್ತರರು ಕತ್ತರಿ ಎತ್ತುತ್ತಿದ್ದರು. ಬುದ್ಧಿಯೇನೂ ಕಮ್ಮಿಯಿಲ್ಲ. ಎರಡು ತೊಂದರೆ, ಅಷ್ಟೇ. ಒಂದು, ಯಾರು ಏನು ಕೇಳಿದರೂ ಅವನ ಬಾಯಿಂದ ಇಲ್ಲ ಎನ್ನುವ ಮಾತು ಬರುತ್ತಿರಲಿಲ್ಲ. ಕೇಳುವುದೇನು, "ಛತ್ರಿ ಚೆನ್ನಾಗಿದೆಯಲ್ಲ" ಎಂದರೆ ಸಾಕು, ಛತ್ರಿ ಹೊಗಳಿದವರ ಮನೆ ಸೇರುತ್ತಿತ್ತು. ಎರಡು, ಊಟಕ್ಕೆ ಯಾರಾದರೂ ಕರೆಯದೆ ಅವನು ಏಳುತ್ತಿರಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಮಾಸ್ತರರು ಕತ್ತರಿಯ ಹಿಡಿಯಿಂದ ಮೇಜಿನ ಮೇಲೆ ಎರಡು ಸಲ ಟಕ್ ಟಕ್ ಎನಿಸಬೇಕು, ಆಗ ಅವನು ಸೂಜಿಯನ್ನು ಕಾಲರಿಗೆ ಚುಚ್ಚಿ ಎದ್ದು ಕೈ ತೊಳೆಯುತ್ತಿದ್ದ. ಮಾಸ್ತರರು ಮರೆತರೆ ಅವನು ಉಪವಾಸ. ಅವರು ಒಂದು ದಿನವೂ ಮರೆತಿರಲಿಲ್ಲ.

ಹೀಗಿರುವಾಗ ಮಾಸ್ತರರು ಮೇಲಿನ ಕಪಾಟಿಂದ ಬಟ್ಟೆ ಥಾನು ಇಳಿಸಲು ಹೋಗಿ ಸ್ಟೂಲಿನಿಂದ ಬಿದ್ದರು. ಅರವತ್ತೆಂಟು ವರ್ಷಕ್ಕೆ ಸ್ಟೂಲು ಹತ್ತುವ ಚಪಲ ಯಾಕೆ ಎಂದು ಎಲ್ಲರೂ ಬೈದರು. ಏಟೇನೂ ಬಿದ್ದಿರಲಿಲ್ಲ, ಆದರೂ ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡರು. ಮೂರನೆಯ ದಿನ ಹೊರಗೆ ಬಂದು ನೋಡುತ್ತಾರೆ, ಬೆಂಚಿನ ಮೇಲೆ ತಮ್ಮ ಬಾಡಿಹೋಗಿ ಕೂತಿದ್ದಾನೆ. ಕಾಲಲ್ಲಿ ಚಪ್ಪಲಿ ಇಲ್ಲ.

"ಚಪ್ಪಲಿ ಎಲ್ಲೋ?"

"ನೆಲ ಒರೆಸೋನು ಚೆನ್ನಾಗಿದೆ ಅಂದ."

"ಊಟ?"

"ಯಾರೂ ಕರೀಲಿಲ್ಲ."

ಮಾಸ್ತರರ ಎದೆ ಧಸಕ್ಕೆಂದಿತು. ಸ್ಟೂಲಿನಿಂದ ಬಿದ್ದಾಗಲೂ ಹಾಗೆ ಅನ್ನಿಸಿರಲಿಲ್ಲ. ಎರಡು ದಿನಕ್ಕೇ ಈ ಗತಿಯಾದರೆ ನಾನು ಪೂರಾ ಹೋದ ಮೇಲೆ ಇವನ ಗತಿಯೇನು ಎಂದು ಆಟೋದಲ್ಲಿ ದಾರಿಯುದ್ದಕ್ಕೂ ಯೋಚಿಸಿದರು. ಮನೆಗೂ ಹೋಗಲಿಲ್ಲ, ಆಟೋ ತಿರುಗಿಸಿ ನೇರ ಲಾಯರಮ್ಮನ ಮನೆಗೆ ಬಿಡಿಸಿದರು.

ಲಾಯರಮ್ಮ ಮಾಸ್ತರರ ಗಿರಾಕಿ. ತಮ್ಮ ಕರಿಕೋಟಿಗೆ ನಾಲ್ಕು ಟ್ರಯಲ್ ಅನುಭವಿಸಿದವರು, ಅದರ ಕಹಿ ಇನ್ನೂ ಹೋಗಿರಲಿಲ್ಲ. ಆದರೂ ಸಮಾಧಾನದಿಂದ ಹೇಳಿದರು.

"ನೋಡಿ ಮಾಸ್ತರೇ, ವಿಲ್ ಅಂದ್ರೆ ನೀವು ಹೋದ ಮೇಲೆ ಜಾರಿಗೆ ಬರೋ ಕಾಗದ. ಇರೋವರೆಗೂ ಎಷ್ಟು ಸಲ ಬೇಕಾದ್ರೂ ಬದಲಾಯಿಸಿ. ಕೊನೇದು ಯಾವುದೋ ಅದೇ ಗಟ್ಟಿ."

"ಕಚ್ಚಾ ಹೊಲಿಗೆ ಅನ್ನಿ."

"ಏನೋ ಒಂದು ಅಂದ್ಕೊಳ್ಳಿ. ಟ್ರಸ್ಟ್ ಅಂದ್ರೆ ಬೇರೆ. ಆಸ್ತಿ ಒಬ್ಬರ ಕೈಲಿರುತ್ತೆ, ಅನುಭವಿಸೋದು ಇನ್ನೊಬ್ಬರು. ಕೈಲಿಟ್ಕೊಂಡವರು ತಮಗೆ ತೋಚಿದ ಹಾಗೆ ಮಾಡೋ ಹಾಗಿಲ್ಲ, ಬರೆದ ಪ್ರಕಾರ ನಡ್ಕೋಬೇಕು. ನೀವಿರೋವಾಗ್ಲೇ ಮಾಡಬಹುದು, ವಿಲ್ ಒಳಗೇ ಸೇರಿಸಲೂಬಹುದು. ಕೆಲವನ್ನ ಬಿಚ್ಚಬಹುದು, ಕೆಲವನ್ನ ಒಂದ್ಸಲ ಮಾಡಿದ್ಮೇಲೆ ಬಿಚ್ಚೋಕಾಗಲ್ಲ. ನಿಮ್ಮ ತಮ್ಮನಂಥವರಿಗೆ..."

"ಬಿಚ್ಚೋಕಾಗದ್ದು ನಮ್ಮಂಗಡಿಗೇ ಬೇಡ" ಎಂದು ಮಾಸ್ತರರು ಕೈಯೆತ್ತಿದರು. "ಟ್ರಸ್ಟು ಗಿಸ್ಟು ಎಲ್ಲ ಶಾಲೆ ಆಸ್ಪತ್ರೆ ಕಟ್ಟೋ ದೊಡ್ಡೋರಿಗೆ. ಒಂದು ಕೋಣೆಗೆ ಯಾಕಮ್ಮ? ಸಾದಾ ವಿಲ್ ಬರೀರಿ. ಅಂಗಡಿ ಮಗನಿಗೆ, ಮೇಲಿನ ಮನೆ ಮಗಳಿಗೆ, ಹಿಂದಿನ ಕೋಣೆ ತಮ್ಮನಿಗೆ. ನನ್ನ ಹೆಂಡ್ತೀನೂ ತಮ್ಮನ್ನೂ ಎಲ್ಲರೂ ಸೇರಿ ನೋಡ್ಕೋತಕ್ಕದ್ದು. ಮುಗೀತು."

ಲಾಯರಮ್ಮ ಬರೆದು ಕೊಟ್ಟು, "ಇಬ್ಬರು ಸಾಕ್ಷಿ ಕರ್ಕೊಂಡು ಬಂದು ಸಹಿ ಹಾಕಿ" ಎಂದರು.

"ಸಹಿ ಹಾಕೋದು ಆಮೇಲೆ" ಎಂದರು ಮಾಸ್ತರರು. "ಮೊದಲು ಟ್ರಯಲ್."

ಲಾಯರಮ್ಮನಿಗೆ ಆ ಮಾತು ಅರ್ಥವಾಗುವ ಮೊದಲೇ ಮಾಸ್ತರರು ಕಾಗದ ಮಡಿಸಿಕೊಂಡು ಹೋಗಿಯಾಗಿತ್ತು.

ಸಂಜೆ ಮನೆಮಂದಿಯನ್ನೆಲ್ಲ ಕೂರಿಸಿ ಮಾಸ್ತರರು ವಿಷಯ ಹೇಳಿದರು. ಸೋಮವಾರ ಬೆಳಗ್ಗೆಯಿಂದ ಭಾನುವಾರ ಸಂಜೆವರೆಗೆ ಮಾಸ್ತರರು ಸತ್ತಿರುತ್ತಾರೆ. ವಿಲ್‌ನಲ್ಲಿ ಯಾರಿಗೆ ಏನು ಬರೆದಿದೆಯೋ ಅದನ್ನು ಅವರವರು ವಾರ ಪೂರ್ತಿ ಅನುಭವಿಸಬೇಕು. ಎಲ್ಲಿ ಬಿಗಿಯಾಗುತ್ತದೆ, ಎಲ್ಲಿ ಜೋಲುತ್ತದೆ ನೋಡಿ, ಆಮೇಲೆ ಸಹಿ.

"ಬಿಡ್ತು ಅನ್ನಿ!" ಎಂದು ಹೆಂಡತಿ ಕಿವಿ ಮುಚ್ಚಿಕೊಂಡರು. "ಆಸ್ಪತ್ರೆಯಿಂದ ಬಂದು ಇನ್ನೂ ಚಪ್ಪಲಿ ಬಿಟ್ಟಿಲ್ಲ, ಆಗ್ಲೇ ಸಾಯೋ ಆಟ! ನಿಮಗೆ ತಲೆಗೇ ಏಟು ಬಿದ್ದಿರೋದು ಕಣ್ರೀ, ಡಾಕ್ಟರಿಗೆ ಗೊತ್ತಾಗಿಲ್ಲ."

ಮಗ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಒಂದು ವಾರ ರಜೆ ಹಾಕುತ್ತೇನೆ ಎಂದ. ಮಗಳು ಎರಡು ಬೀದಿ ಆಚೆ ಇರುವವಳು, ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಎಲ್ಲಿಗೇ ಹೋದರೂ ಪಕ್ಕದ ಸೀಟಿನಲ್ಲಿ ಕೂತು ಬ್ರೇಕು ತುಳಿಯುವ ಸ್ವಭಾವ. "ಅಪ್ಪ, ಸತ್ತೋರು ಮಾತಾಡೋ ಹಾಗಿಲ್ಲ. ನಿನ್ನ ಕೈಲಾಗುತ್ತಾ?" ಎಂದಳು.

"ಆಗದೆ ಏನು?" ಎಂದರು ಮಾಸ್ತರರು.

ಕಾಜಾ ಮಾತ್ರ ಗಾಬರಿಯಿಂದ, "ಭಾನುವಾರ ವಾಪಸ್ ಬರ್ತೀಯ ತಾನೆ ಅಣ್ಣ?" ಎಂದು ಎರಡು ಸಲ ಕೇಳಿದ.

ಸೋಮವಾರ ಮಾಸ್ತರರು ಗಿರಾಕಿಗಳ ಬೆಂಚಿನ ಮೇಲೆ, ಕನ್ನಡಿಯ ಪಕ್ಕದಲ್ಲಿ, ಕೈಕಟ್ಟಿಕೊಂಡು ಸತ್ತು ಕೂತರು. ಮೊದಲು ಬಂದವನು ಹಳೇ ಗಿರಾಕಿ, ಎರಡು ಟ್ರಯಲ್ ಮುಗಿಸಿದ್ದವನು. "ನಮಸ್ಕಾರ ಮಾಸ್ತರೇ" ಎಂದ. ಮಾಸ್ತರರು ಗೋಡೆ ನೋಡಿದರು.

"ಅಪ್ಪ ತೀರ್ಕೊಂಡಿದ್ದಾರೆ" ಎಂದ ಮಗ. "ಭಾನುವಾರದ ತನಕ."

ಗಿರಾಕಿ ಒಂದು ಗಳಿಗೆ ತಲೆ ತಗ್ಗಿಸಿ ನಿಂತು, "ಹಾಗಾದ್ರೆ ನನ್ನ ಪ್ಯಾಂಟು?" ಎಂದು ಕೇಳಿದ.

ಮಗನಿಗೆ ಹೊಲಿಗೆಯ ಗಂಧಗಾಳಿ ಇಲ್ಲ. ಅಂಗಡಿ ಈಗ ನನ್ನದು ಎಂಬುದಷ್ಟೇ ತಲೆಯಲ್ಲಿತ್ತು. "ಆಗಿದೆ, ತಗೊಂಡು ಹೋಗಿ" ಎಂದ.

"ಟ್ರಯಲ್ ಇಲ್ವಾ?"

"ಟ್ರಯಲ್ ಎಲ್ಲ ಬೇಡ."

ಆ ಮನುಷ್ಯ ಪ್ಯಾಂಟನ್ನು ಎದೆಗೊತ್ತಿಕೊಂಡು ಹೊರಗೆ ಓಡಿದ. ಬೀದಿಯ ಬಾಯಿಗೆ ಬೀಗ ಹಾಕಲಾದೀತೆ? ಅರ್ಧ ಗಂಟೆಯಲ್ಲಿ ಹನ್ನೊಂದು ಜನ ಬಂದು ಸಾಲು ನಿಂತರು. ಒಬ್ಬನ ಕೋಟಿಗೆ ಇನ್ನೂ ಎಡತೋಳೇ ಕೂತಿರಲಿಲ್ಲ, ಪರವಾಗಿಲ್ಲ ಎಂದು ಹಾಗೆಯೇ ಕೊಂಡುಹೋದ. ಕಚ್ಚಾ ಹೊಲಿಗೆಯ ಬಿಳಿದಾರ ನೇತಾಡುವ ಬಟ್ಟೆಗಳು ಒಂದೊಂದಾಗಿ ಬಾಗಿಲು ದಾಟುವುದನ್ನು ನೋಡುತ್ತ ಮಾಸ್ತರರು ನಿಜವಾಗಿಯೂ ಸಾಯುವ ಸ್ಥಿತಿಗೆ ಬಂದರು. ಮುಖ ಕೆಂಪಾಯಿತು, ಮೀಸೆ ನಡುಗಿತು. ಸಂತೆಗೆ ಮೂರು ಮೊಳ ನೇಯುವವನೂ ಇಷ್ಟು ಅನ್ಯಾಯ ಮಾಡಲಾರ! ಆದರೆ ಮಾತು ಮಾತೇ. ತುಟಿ ಕಚ್ಚಿಕೊಂಡು ಕೂತರು.

ಮೇಲೆ ಮನೆಯಲ್ಲಿ ಇನ್ನೊಂದು ರಾಮಾಯಣ. ಮನೆ ನನ್ನದಾಯಿತಲ್ಲ ಎಂದು ಮಗಳು ಬಂದವಳೇ ಒಲೆಯನ್ನು ಆ ಗೋಡೆಯಿಂದ ಈ ಗೋಡೆಗೆ ಸರಿಸಿದಳು. ಮಾಸ್ತರರ ಹೆಂಡತಿ ದಡದಡನೆ ಮೆಟ್ಟಿಲಿಳಿದು ಬೆಂಚಿನ ಮುಂದೆ ನಿಂತು, "ನಲವತ್ತು ವರ್ಷ ಬೇಯಿಸಿ ಹಾಕಿದ್ದಕ್ಕೆ ನನಗೆ ಒಲೆ ಇಡೋ ಜಾಗಾನೂ ಬರೀಲಿಲ್ವೇನ್ರೀ? 'ಎಲ್ಲರೂ ನೋಡ್ಕೋತಕ್ಕದ್ದು' ಅಂತೆ! ನಾನೇನು ಹಸುವೇ? ಸತ್ತಿದ್ದೀರಿ ಅಂತ ಸುಮ್ನೆ ಬಿಡ್ತೀನಿ ಅಂದ್ಕೋಬೇಡಿ" ಎಂದು ಹತ್ತು ನಿಮಿಷ ಬಯ್ದರು. ಸತ್ತವರ ಮೇಲೆ ಇಷ್ಟು ಕೋಪ ಮಾಡಿಕೊಂಡ ವಿಧವೆಯನ್ನು ಆ ಬೀದಿ ಹಿಂದೆಂದೂ ನೋಡಿರಲಿಲ್ಲ.

ಈ ಗಲಾಟೆಯಲ್ಲಿ ಒಂದು ಗಂಟೆಯಾಯಿತು. ಒಂದೂವರೆಯಾಯಿತು. ಮಗ ಮೇಲೆ ಹೋಗಿ ಉಂಡು ಬಂದ. ಮಗಳು ಉಂಡು ಕಾರು ಕಲಿಸಲು ಹೋದಳು. ಮಗ ಅಂದುಕೊಂಡ, ಚಿಕ್ಕಪ್ಪನನ್ನು ಅಕ್ಕ ಕರೆದಿರುತ್ತಾಳೆ. ಮಗಳು ಅಂದುಕೊಂಡಳು, ಅಂಗಡಿ ತಮ್ಮನದು, ಅವನು ಕರೆದಿರುತ್ತಾನೆ. ಹೆಂಡತಿ ಒಲೆಯ ದುಃಖದಲ್ಲಿ ಮೇಲೆ ಬಾಗಿಲು ಹಾಕಿ ಮಲಗಿದ್ದರು. ಹತ್ತು ಜನ ಸೇರಿದಲ್ಲಿ ಹಾವು ಸಾಯದು ಎನ್ನುತ್ತಾರಲ್ಲ, ಹಾಗಾಯಿತು. ಕಾಜಾ ಬಗ್ಗಿಸಿದ ತಲೆ ಎತ್ತದೆ ಒಂದು ಶಾಲೆಯ ಯೂನಿಫಾರ್ಮ್ ಅಂಗಿಗೆ ಕಾಜಾ ಹಾಕುತ್ತ ಕೂತೇ ಇದ್ದ. ಎರಡು ಗಂಟೆ. ಎರಡೂವರೆ.

ಮಾಸ್ತರರಿಗೆ ತಡೆಯಲಾಗಲಿಲ್ಲ. ಮೆಲ್ಲಗೆ ಎದ್ದು ಕತ್ತರಿ ಹಿಡಿದು ಟಕ್ ಟಕ್ ಎನಿಸಿದರು.

ಕಾಜಾ ತಟಕ್ಕನೆ ಸೂಜಿ ಚುಚ್ಚಿ ಎದ್ದ. ತಿರುಗಿ ನೋಡಿದ. ಮುಖ ಬಾಡಿತು.

"ಅಣ್ಣ, ನೀನು ಸತ್ತಿದ್ದೀಯ" ಎಂದು ಪಿಸುಗುಟ್ಟಿ, ಮತ್ತೆ ಕೂತ.

ಕೊನೆಗೆ ಮೂರು ಗಂಟೆಗೆ ಹೆಂಡತಿ ಇಳಿದು ಬಂದು, "ಅಯ್ಯೋ ಪಾಪ, ಇವನನ್ನ ಯಾರೂ ಕರೀಲೇ ಇಲ್ವಾ?" ಎಂದು ಕೈಹಿಡಿದು ಕರೆದುಕೊಂಡು ಹೋದರು. ಸತ್ತವರಿಗೂ ಒಂದು ತಟ್ಟೆ ಬಂತು, ಆದರೆ ಮಾಸ್ತರರು ಅದನ್ನು ಹಾಗೆಯೇ ವಾಪಸು ಕಳಿಸಿದರು.

ಮಂಗಳವಾರ ಬ್ಯಾಂಡಿನ ತುತ್ತೂರಿಯವನು ಬಂದ. ಅವನ ಕೆಂಪು ಕೋಟಿನ ಟ್ರಯಲ್ ಬಾಕಿಯಿತ್ತು. ತುತ್ತೂರಿಯವರ ಕೋಟಿಗೆ ಮಾಸ್ತರರು ಬೇರೆಯೇ ಕ್ರಮ ಇಟ್ಟಿದ್ದರು. ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತು ಜೋರಾಗಿ ಊದಬೇಕು, ಎದೆ ಉಬ್ಬಿದಾಗ ಗುಂಡಿ ಹಾರಬಾರದು. ಟ್ರಯಲ್ ರದ್ದಾದದ್ದು ಗೊತ್ತಿಲ್ಲದೆ ಅವನು ಕೋಟು ತೊಟ್ಟು ಪೊಂಯ್ ಎಂದು ಊದಿದ. ಒಂದು ಗುಂಡಿಯೂ ಅಲುಗಲಿಲ್ಲ.

"ನಿಮ್ಮ ಕಾಜಾ ಅಂದ್ರೆ ಕಾಜಾ ಅಣ್ಣಾ" ಎಂದ ಅವನು ಕಾಜಾನಿಗೆ. "ಊದೋಕೆ ಜಾಗ ಇಲ್ದೆ ಸಾಯ್ತಿದ್ದೀನಿ. ಸದ್ದು ಜಾಸ್ತಿ ಅಂತ ಓನರು ಮನೆ ಬಿಡಿಸಿಬಿಟ್ರು. ಹಿಂದಿನ ಕೋಣೆ ಯಾರದ್ದು?"

"ನಂದೇ."

"ಒಳ್ಳೇ ಕೋಣೆ."

ಆ ಮಾತು ಬಿದ್ದದ್ದೇ ತಡ, ಮಾಸ್ತರರು ಬೆಂಚಿನಿಂದ ಅರ್ಧ ಎದ್ದರು. ಆದರೆ ಏನು ಪ್ರಯೋಜನ? "ತಗೊಳ್ಳಿ" ಎಂದು ಕಾಜಾ ಬೀಗದ ಕೈ ಕೊಟ್ಟಾಗಿತ್ತು. ಮಗ ಕಾಗದ ಬಿಡಿಸಿ ಓದಿ, "ಕೋಣೆ ಚಿಕ್ಕಪ್ಪನ ಹೆಸರಿಗಿದೆ, ಕೊಡೋಕೆ ಹಕ್ಕಿದೆ" ಎಂದ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ! ತುತ್ತೂರಿಯವನು ಸಂಜೆಯೊಳಗೆ ಹಾಸಿಗೆ, ಟ್ರಂಕು, ಎರಡು ತುತ್ತೂರಿ ತಂದು ಸೇರಿದ. ಕಾಜಾನ ರೇಡಿಯೋ ಕೋಣೆಯಲ್ಲೇ ಇತ್ತು. ಅದನ್ನೂ ಅವನು ಹೊಗಳಿದ, ಕಥೆ ಮುಗಿಯಿತು.

ಬುಧವಾರ ಬೆಳಗ್ಗೆ ಮಾಸ್ತರರು ಎಲ್ಲರಿಗಿಂತ ಮುಂಚೆ ಇಳಿದು ಅಂಗಡಿಯ ಬಾಗಿಲು ತೆಗೆದರು. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಚಿಂದಿ ಬಟ್ಟೆಯ ರಾಶಿಯ ಮೇಲೆ ತಮ್ಮ ಮುದುಡಿಕೊಂಡು ಮಲಗಿದ್ದ. ತಲೆದಿಂಬಿನ ಬದಲು ಯಾರದೋ ಕೋಟಿನ ಭುಜದ ಹತ್ತಿ. ಮೈಮೇಲೆ ಅಸ್ತರಿನ ತುಂಡು. ಆರಾಮಾಗಿ ನಿದ್ದೆ ಹೋಗಿದ್ದ, ಅವನಿಗೆ ಯಾರ ಮೇಲೂ ದೂರಿರಲಿಲ್ಲ.

ಮಾಸ್ತರರು ನೆಲದ ಮೇಲೆ ಕೂತುಬಿಟ್ಟರು. ಅತ್ತರು. ನಾಚಿಕೆಯಾಗುವಷ್ಟು ಅತ್ತರು. ಇವನಿಗೆ ಸೂರು ಇರಲಿ ಎಂದು ನಾನೇ ಬರೆದ ಕಾಗದ, ಎರಡೇ ದಿನದಲ್ಲಿ ಇವನನ್ನು ಮೇಜಿನ ಕೆಳಗೆ ತಂದು ಮಲಗಿಸಿತಲ್ಲ! ಕೈಗೆ ಕೊಟ್ಟರೆ ಕೈಯಲ್ಲಿ ನಿಲ್ಲದವನಿಗೆ ಕೈಗೇ ಕೊಟ್ಟೆನಲ್ಲ! ಅಂಗಿಯ ಅಳತೆ ತೆಗೆಯದೆ ಬಟ್ಟೆ ಕತ್ತರಿಸುವವನನ್ನು ನಾನು ಜನ್ಮವಿಡೀ ಬೈದೆ, ತಮ್ಮನ ವಿಷಯದಲ್ಲಿ ಅದನ್ನೇ ಮಾಡಿದೆ. ಅಷ್ಟು ಹೊತ್ತಿಗೆ ಹಿಂದಿನ ಕೋಣೆಯಿಂದ ಪೊಂಯ್ ಎಂದು ಬೆಳಗಿನ ಅಭ್ಯಾಸ ಶುರುವಾಯಿತು. ಮಾಸ್ತರರು ಕಣ್ಣೊರೆಸಿಕೊಂಡು ಎದ್ದು, "ಸಾಕು! ನಾನು ಬದುಕಿದೆ!" ಎಂದು ಕೂಗಿದ ಕೂಗಿಗೆ ಮೇಲಿಂದ ಹೆಂಡತಿ, "ಬದುಕಿದ್ರೆ ಮೊದಲು ಬಂದು ಒಲೆ ಸರಿಸಿ" ಎಂದರು.

ಗುರುವಾರ ಲಾಯರಮ್ಮ ಅಂಗಡಿಗೇ ಬಂದರು. ನಡೆದದ್ದನ್ನೆಲ್ಲ ಕೇಳಿ ನಕ್ಕು ನಕ್ಕು ಅವರ ಕೋಟಿನ ಭುಜ ಕುಣಿಯಿತು. "ನಾನು ಅವತ್ತೇ ಬಾಯಿ ತೆಗೆದೆ, ನೀವು ಬಿಟ್ರೆ ತಾನೆ?" ಎಂದರು. ಆಮೇಲೆ ಕೂತು ಹೊಸದಾಗಿ ಬರೆದರು. ಅಂಗಡಿ ಮಗನಿಗೆ. ಮೇಲಿನ ಮನೆ ಹೆಂಡತಿಗೆ ಅವರು ಇರುವವರೆಗೂ, ಒಲೆ ಯಾವ ಗೋಡೆಗೆ ಎನ್ನುವುದು ಅವರದೇ ತೀರ್ಮಾನ, ಆಮೇಲೆ ಮಗಳಿಗೆ. ಹಿಂದಿನ ಕೋಣೆ ಮಾತ್ರ ಟ್ರಸ್ಟಿಗೆ. ಮಗ, ಮಗಳು ಇಬ್ಬರೂ ಅದರ ಟ್ರಸ್ಟಿಗಳು. ಕೋಣೆ ಕಾಜಾನಿಗೆ ಇರಲು, ಅವನು ಇರುವಷ್ಟು ಕಾಲ. ಅದನ್ನು ಅವನು ಯಾರಿಗೂ ಕೊಡುವ ಹಾಗಿಲ್ಲ, ಎಷ್ಟೇ ಹೊಗಳಿದರೂ.

"ಊಟ?" ಎಂದರು ಮಾಸ್ತರರು. "ಎಲ್ಲರೂ ಸೇರಿ ಅಂತ ಬರೀಬೇಡಿ."

"ಮಧ್ಯಾಹ್ನದ್ದು ನನ್ನ ಹೆಸರಿಗೆ ಬರೀರಿ" ಎಂದ ಮಗ. "ರಾತ್ರಿದು ನನ್ನ ಹೆಸರಿಗೆ" ಎಂದಳು ಮಗಳು. ಸೋಮವಾರದ ನಾಚಿಕೆ ಇಬ್ಬರ ಮುಖದಲ್ಲೂ ಇತ್ತು.

ಸಾಕ್ಷಿಗೆ ವಿಲ್‌ನಲ್ಲಿ ಏನೂ ಸಿಗದವರು ಬೇಕು ಎಂದರು ಲಾಯರಮ್ಮ. ಅಂಥವರೊಬ್ಬರು ಕೈಗೆಟುಕುವಲ್ಲೇ ಇದ್ದರು. ತುತ್ತೂರಿಯವನು ಕೋಣೆ ಹೋಯಿತು ಎಂದು ಬೇಸರಪಟ್ಟರೂ ಕೆಂಪು ಕೋಟು ತೊಟ್ಟೇ ಬಂದು ಸಹಿ ಹಾಕಿದ. ತೋಳಿಲ್ಲದ ಕೋಟಿನವನು ತೋಳು ಹಚ್ಚಿಸಿಕೊಳ್ಳಲು ಬಂದು ಸಿಕ್ಕಿಬಿದ್ದ, ಅವನ ಸಹಿಯೂ ಆಯಿತು. ಮಾಸ್ತರರು ದೀರ್ಘವಾಗಿ ಉಸಿರು ಬಿಟ್ಟು, ಇನ್ನು ನಾನು ಯಾವಾಗ ಹೋದರೂ ಚಿಂತೆಯಿಲ್ಲ ಎಂದುಕೊಂಡರು.

ಆಗ ಕಾಜಾ ಸೂಜಿ ಕಾಲರಿಗೆ ಚುಚ್ಚಿ ಎದ್ದು ಬಂದ. "ಲಾಯರಮ್ಮ, ನಂದೂ ಒಂದು ಬರೀತೀರಾ?"

ಎಲ್ಲರೂ ನಕ್ಕರು. "ನಿನ್ನ ಹತ್ರ ಬರೆಸೋಕೆ ಏನುಳಿದಿದೆಯೋ ದಾನಶೂರ?" ಎಂದರು ಮಾಸ್ತರರು.

ಕಾಜಾ ಬೆರಳು ಮಡಿಸುತ್ತ ಹೇಳಿದ. "ಛತ್ರಿ ಹೋಯ್ತು. ಚಪ್ಪಲಿ ಹೋಯ್ತು. ರೇಡಿಯೋ ಇವರಿಗೆ ಕೊಟ್ಟೆ. ಕೋಣೇನ ನೀವು ಟ್ರಸ್ಟಿಗೆ ಹಾಕಿದ್ರಿ. ಇನ್ನು ನನ್ನ ಹತ್ರ ಉಳಿದಿರೋದು ಅಣ್ಣ ಒಬ್ಬನೇ. ನಾನೇ ಮೊದಲು ಹೋದ್ರೆ ಇವನನ್ನ ಯಾರಿಗೆ ಬಿಡ್ಲಿ?"

ತಮ್ಮ ಮೊದಲು ಹೋಗಬಹುದು ಎಂಬ ಯೋಚನೆ ಮಾಸ್ತರರ ತಲೆಯಲ್ಲಿ ಒಂದು ಸಲವೂ ಹಾದಿರಲಿಲ್ಲ. ಇವನಿಗೆ ಯಾರು ದಿಕ್ಕು ಎಂದು ಅವರು ನಿದ್ದೆಗೆಟ್ಟಿದ್ದರೆ, ಇವನೂ ಇಷ್ಟು ದಿನ ಕಾಜಾ ಹಾಕುತ್ತ ಕೂತು ಅದನ್ನೇ ಯೋಚಿಸುತ್ತಿದ್ದ.

"ನನಗೆ ಬಿಡಿ ಚಿಕ್ಕಪ್ಪ, ನಾನು ನೋಡ್ಕೋತೀನಿ" ಎಂದ ಮಗ.

"ಅವನ ಕೈಲಿ ಆಗಲ್ಲ, ನನಗೆ ಬಿಡಿ" ಎಂದಳು ಮಗಳು.

"ಯಾರಿಗೂ ಬೇಡ, ನನಗೇ ಬಿಡಪ್ಪ. ಹೇಗೂ ಅಭ್ಯಾಸ ಆಗಿಹೋಗಿದೆ" ಎಂದರು ಹೆಂಡತಿ. ಮೂಗು ಒರೆಸಿಕೊಳ್ಳುತ್ತಿದ್ದರು.

ಕಾಜಾ ಮೂವರ ಮುಖವನ್ನೂ ಒಂದೊಂದಾಗಿ ನೋಡಿದ. ಆಮೇಲೆ ಕಣ್ಣೀರು ಸುರಿಸುತ್ತ ನಿಂತಿದ್ದ ಅಣ್ಣನ ಮುಖ ನೋಡಿದ. ತುಂಬ ಹೊತ್ತು ಯೋಚಿಸಿದ.

"ಇಲ್ಲ" ಎಂದ. "ಇವನನ್ನ ಕೊಡಲ್ಲ."

"ಹಾಗಾದ್ರೆ ಏನಂತ ಬರೀಲಿ?" ಎಂದು ಲಾಯರಮ್ಮ ಕೇಳಿದರು.

"ಹಾಗೇ ಬರೀರಿ. ಕೊಡಲ್ಲ ಅಂತ."

ಲಾಯರಮ್ಮ ಪೆನ್ನು ತೆಗೆದುಕೊಂಡು ಹಾಗೆಯೇ ಬರೆದರು.